ಕಟ್ಟಡ ಗುತ್ತಿಗೆದಾರರ ಮತ್ತು ಸಾಮಗ್ರಿ ಪೂರೈಕೆದಾರರ ಲಿಯನ್ ಹಕ್ಕು

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಸಿಡ್ಕೊ ಸಂಸ್ಥೆಯು ಹಂಚಿದ ಚಿಕ್ಕ ಚಿಕ್ಕ ನಿವೇಶನಗಳ ಮೇಲೆ ಸಾಲುಮನೆಗಳು ಎದ್ದಿವೆ. ಅವುಗಳಲ್ಲಿ ಒಂದಲ್ಲ ಒಂದು ಕಡೆ ದುರಸ್ತಿ, ಪುನರ್ನಿರ್ಮಾಣ ನಡೆದೇ ಇರುತ್ತದೆ. ಪೂರ್ವಕ್ಕೆ ಕೈಗಾರಿಕಾ ಪ್ರದೇಶವಿದೆ. ಅಲ್ಲಿಯೂ ಕಟ್ಟಡದ ಕೆಲಸಕ್ಕೆ ಕೊರತೆಯಿಲ್ಲ. ಕಲಬುರಗಿ, ವಿಜಯಪುರ ಮುಂತಾದ ಜಿಲ್ಲೆಗಳಿಂದ ಮುಂಬಯಿ ಪ್ರದೇಶಕ್ಕೆ ಕಟ್ಟಡದ ಕೂಲಿಗಾಗಿ ಬಂದ ಕನ್ನಡಿಗರು ಅನೇಕರು. ಅವರಲ್ಲಿ ಕೆಲವರು ಕ್ರಮೇಣ ಮೇಸ್ತ್ರಿಗಳಾಗಿ, ಸಣ್ಣ ಗುತ್ತಿಗೆದಾರರಾಗಿ ನೆಲೆಗೊಂಡಿದ್ದಾರೆ. ಕೆಲಸ ಮುಗಿದ ಮೇಲೆ ಹಣ ಬಾರದಿದ್ದರೆ ಇಂಥವರ ಬಾಯಲ್ಲಿ ಬರುವ ಮಾತು ಒಂದೇ: "ನನ್ನ ಇಟ್ಟಿಗೆ ಆ ಗೋಡೆಯಲ್ಲಿದೆ, ಆ ಮನೆಯ ಮೇಲೆ ನನಗೂ ಹಕ್ಕಿದೆ." ಈ ಮಾತು ನ್ಯಾಯವೆನಿಸಬಹುದು, ಆದರೆ ಭಾರತದ ಕಾಯಿದೆ ಇದನ್ನು ಒಪ್ಪುವುದಿಲ್ಲ.

ಲಿಯನ್ ಎಂಬ ಪದವನ್ನು ಸರ್ಕಾರಿ ನೌಕರರು ಹುದ್ದೆಯ ಮೇಲಿನ ಹಕ್ಕು ಎಂಬ ಅರ್ಥದಲ್ಲಿ ಬಲ್ಲರು. ವ್ಯವಹಾರದಲ್ಲಿ ಅದರ ಅರ್ಥ ಬೇರೆ. ತನಗೆ ಬರಬೇಕಾದ ಹಣ ಸಲ್ಲುವವರೆಗೆ ಇನ್ನೊಬ್ಬರ ವಸ್ತುವನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವ ಹಕ್ಕೇ ಲಿಯನ್. ಅಮೆರಿಕದಲ್ಲಿ ಇದು ಕಟ್ಟಡಕ್ಕೂ ವಿಸ್ತರಿಸಿದೆ. ಅಲ್ಲಿ ವಾಷಿಂಗ್ಟನ್ ನಗರವನ್ನು ಕಟ್ಟುತ್ತಿದ್ದ ಕಾಲದಲ್ಲಿ, 1791ರಲ್ಲಿ, ಮೇರಿಲ್ಯಾಂಡ್ ರಾಜ್ಯವು ಕಟ್ಟಡ ಕಟ್ಟಿದವರಿಗೂ ಸಾಮಗ್ರಿ ಕೊಟ್ಟವರಿಗೂ ಆ ಕಟ್ಟಡದ ಮೇಲೆಯೇ ಹಕ್ಕು ನೀಡುವ ಕಾಯಿದೆಯನ್ನು ತಂದಿತು. ಇಂದು ಅಲ್ಲಿನ ಎಲ್ಲ ರಾಜ್ಯಗಳಲ್ಲಿಯೂ ಇಂಥ ಕಾಯಿದೆಗಳಿವೆ. ಭಾರತದಲ್ಲಿ ಇದಕ್ಕೆ ಸಮನಾದ ಶಾಸನವಿಲ್ಲ. ಇಲ್ಲಿರುವುದು ಚರ ವಸ್ತುವಿನ ಮೇಲಿನ ಹಕ್ಕು ಮಾತ್ರ. ಅದೂ ವಸ್ತು ಕೈಯಲ್ಲಿರುವಷ್ಟು ಕಾಲ.

ಭಾರತೀಯ ಕರಾರು ಅಧಿನಿಯಮ, 1872ರ 170ನೆಯ ಪ್ರಕರಣವು ಈ ಹಕ್ಕನ್ನು ಎರಡು ಉದಾಹರಣೆಗಳಿಂದ ವಿವರಿಸುತ್ತದೆ. ವಜ್ರವನ್ನು ಕತ್ತರಿಸಿ ಹೊಳಪು ಕೊಡಲು ಪಡೆದ ಅಕ್ಕಸಾಲಿಗನು ಕೂಲಿ ಬರುವವರೆಗೆ ವಜ್ರವನ್ನು ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದ ಕೂಡಲೇ ಕೊಡುವೆನೆಂದೂ, ಹಣಕ್ಕೆ ಮೂರು ತಿಂಗಳು ಕಾಯುವೆನೆಂದೂ ಒಪ್ಪಿದ ದರ್ಜಿಯು ಕೋಟನ್ನು ತಡೆಹಿಡಿಯುವಂತಿಲ್ಲ. ಸಾಲ ಕೊಡಲು ಒಪ್ಪಿದವನು ಹಿಡಿತವನ್ನು ಬಿಟ್ಟುಕೊಟ್ಟಂತೆಯೇ ಎಂಬುದು ಎರಡನೆಯ ಉದಾಹರಣೆಯ ಇಂಗಿತ. ಈ ಪ್ರಕರಣವು ಸರಕುಗಳಿಗೆ ಅನ್ವಯಿಸುತ್ತದೆಯೇ ಹೊರತು ಭೂಮಿಗಾಗಲಿ ಕಟ್ಟಡಕ್ಕಾಗಲಿ ಅಲ್ಲ. ಆದುದರಿಂದ ಗುತ್ತಿಗೆದಾರನು ಕಾಮಗಾರಿಯ ಜಾಗದಲ್ಲಿ ಇರುವುದು ಸಾಮಾನ್ಯವಾಗಿ ಮಾಲೀಕನ ಅನುಮತಿಯಿಂದ ಮಾತ್ರ. ಬಾಕಿಗಾಗಿ ಬೀಗ ಹಾಕುವುದು, ಜೋಡಿಸಿದ ಕಿಟಕಿಗಳನ್ನು ಕಿತ್ತು ಒಯ್ಯುವುದು ಅವನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಹುದು.

ಪೂರೈಕೆದಾರರಿಗೆ ಹೆಚ್ಚು ಉಪಯುಕ್ತವಾದದ್ದು ಸರಕು ಮಾರಾಟ ಅಧಿನಿಯಮ, 1930. ಇದರ 47ನೆಯ ಪ್ರಕರಣದಂತೆ, ಸರಕಿನ ಒಡೆತನವು ಕೊಂಡವನಿಗೆ ಸೇರಿದ್ದರೂ, ವಶವು ಮಾರಿದವನಲ್ಲಿಯೇ ಇರುವಾಗ ಬೆಲೆ ಸಲ್ಲುವವರೆಗೆ ಅವನು ಅದನ್ನು ತಡೆಹಿಡಿಯಬಹುದು. ಸಾಲದ ಕರಾರಿಲ್ಲದಿದ್ದಾಗ, ಸಾಲದ ಅವಧಿ ಮುಗಿದಾಗ, ಇಲ್ಲವೆ ಕೊಂಡವನು ದಿವಾಳಿಯಾದಾಗ ಈ ಹಕ್ಕು ದೊರೆಯುತ್ತದೆ. ಉದಾಹರಣೆಗೆ, 100 ಚೀಲ ಸಿಮೆಂಟನ್ನು ನಗದು ಬೆಲೆಗೆ ಮಾರಿ 40 ಚೀಲ ಮಾತ್ರ ಕಳುಹಿಸಿದ್ದಾಗ ಬೆಲೆ ಬಾರದೆ ಹೋಯಿತೆನ್ನೋಣ. ಉಳಿದ 60 ಚೀಲಗಳನ್ನು ಮಾರಿದವನು ಸಾಮಾನ್ಯವಾಗಿ ತಡೆಹಿಡಿಯಬಹುದು. ತಕ್ಕ ನೋಟೀಸು ಕೊಟ್ಟು, ಯುಕ್ತ ಕಾಲ ಕಾದು, ಬೇರೆಯವರಿಗೆ ಮಾರಲೂಬಹುದು. ಸರಕು ಲಾರಿಯಲ್ಲಿರುವಾಗ ಕೊಂಡವನು ದಿವಾಳಿಯಾದನೆಂದು ತಿಳಿದರೆ ದಾರಿಯಲ್ಲಿಯೇ ನಿಲ್ಲಿಸಿ ಮರಳಿ ಪಡೆಯುವ ಹಕ್ಕೂ ಉಂಟು. ಆದರೆ ಮೊದಲ 40 ಚೀಲಗಳು ಕೊಂಡವನ ವಶವಾದವು. ಅವುಗಳ ಮೇಲಿನ ಲಿಯನ್ ಅಲ್ಲಿಗೆ ಮುಗಿಯಿತು. ಅವು ಗೋಡೆಗೆ ಸೇರಿದ ಮೇಲಂತೂ ಸರಕೇ ಇಲ್ಲ; ಗೋಡೆ ಸ್ಥಿರಸ್ವತ್ತಿನ ಭಾಗ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 55ನೆಯ ಪ್ರಕರಣದಂತೆ ಮನೆಯನ್ನು ಮಾರಿ ಹಣ ಬಾರದೆ ಉಳಿದವನಿಗೆ ಆ ಮನೆಯ ಮೇಲೆ ಋಣಭಾರದ ಹಕ್ಕುಂಟು. ಅದೇ ಮನೆಯನ್ನು ಕಟ್ಟಿದವನಿಗೆ ಅದಿಲ್ಲ. ಮಾಲೀಕನು ಒಪ್ಪಿ, ಲಿಖಿತ ಪತ್ರದಿಂದ ಸ್ವತ್ತನ್ನು ಭದ್ರತೆಯಾಗಿ ಕೊಡಬಹುದು. ಆದರೆ ಅಂಥ ಪತ್ರವನ್ನು ನೋಂದಾಯಿಸಬೇಕು. ಕೋಪರಖೈರಣೆಯಂಥ ಕಡೆ ಇದು ಇನ್ನೂ ಜಟಿಲ. ಅಲ್ಲಿನ ನಿವೇಶನಗಳು ಮೂಲತಃ ಸಿಡ್ಕೊದಿಂದ ದೀರ್ಘಾವಧಿಯ ಲೀಸಿನ ಮೇಲೆ ಬಂದವು. ಆದ್ದರಿಂದ ಭದ್ರತೆ ಪಡೆಯುವವರು ಲೀಸು ಪತ್ರದ ಷರತ್ತುಗಳನ್ನು ಮೊದಲು ಓದುವುದು ಅವಶ್ಯ.

ಹಾಗಾದರೆ ಬಾಕಿಗೆ ದಾರಿಯೇನು? ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006 ಸಣ್ಣ ತಯಾರಕರಿಗೆ ಒಳ್ಳೆಯ ಆಸರೆ. ಕಿಟಕಿ, ಗ್ರಿಲ್ಲು, ಬಾಗಿಲುಗಳನ್ನು ಸ್ವತಃ ತಯಾರಿಸುವ ಘಟಕವು ಉದ್ಯಮ ನೋಂದಣಿ ಪಡೆದಿದ್ದರೆ, ಕರಾರಿನಲ್ಲಿ ಏನೇ ಇದ್ದರೂ, ಕೊಂಡವನು ಸರಕನ್ನು ಸ್ವೀಕರಿಸಿದ 45 ದಿನಗಳೊಳಗೆ ಹಣ ಕೊಡಬೇಕು. ಅವಧಿಯ ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಪ್ರತಿ ತಿಂಗಳು ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ದೂರನ್ನು ರಾಜ್ಯ ಸರ್ಕಾರ ರಚಿಸಿದ ಪರಿಷತ್ತಿಗೆ ಸಲ್ಲಿಸಬಹುದು. ನೋಂದಣಿಯನ್ನು ಪೂರೈಕೆಗೆ ಮುಂಚೆಯೇ ಮಾಡಿಸುವುದು ಕ್ಷೇಮ. ಕೊಂಡು ಮಾರುವ ಸಿಮೆಂಟು ವ್ಯಾಪಾರಿಗೆ ಮಾತ್ರ ಈ ಸೌಲಭ್ಯ ದೊರೆಯದು. 2021ರಿಂದ ವ್ಯಾಪಾರಿಗಳೂ ನೋಂದಾಯಿಸಬಹುದಾದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ. ಸಾಮಗ್ರಿ, ಶ್ರಮ ಎರಡೂ ಕೂಡಿದ ಕಾಮಗಾರಿ ಗುತ್ತಿಗೆಗಳಿಗೆ ಈ ಅಧಿನಿಯಮ ಅನ್ವಯಿಸುವುದೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಭಿನ್ನ ತೀರ್ಪುಗಳಿವೆ.

ಕೂಲಿಕಾರರ ಸ್ಥಿತಿ ಬೇರೆ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮುಖ್ಯ ನಿಯೋಜಕನೇ ಹೊಣೆ ಎಂಬ ತತ್ತ್ವವು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿತ್ತು. 2020ರ ಕಾರ್ಮಿಕ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಉಳಿದವರಿಗೆ ಸಿವಿಲ್ ದಾವೆಯೇ ಮಾರ್ಗ. ಸಾಲಗಾರನು ಬಾಕಿ ತಪ್ಪಿಸಲೆಂದೇ ಸ್ವತ್ತನ್ನು ಪರಭಾರೆ ಮಾಡುತ್ತಿದ್ದರೆ ತೀರ್ಪಿಗೆ ಮುಂಚೆಯೇ ಅದನ್ನು ಜಪ್ತಿ ಮಾಡಿಸಲು ಕೋರಬಹುದು. ಆದರೆ ಭದ್ರತೆಯಿಲ್ಲದ ಸಾಲವನ್ನು ಭದ್ರತೆಯುಳ್ಳ ಸಾಲವಾಗಿ ಮಾರ್ಪಡಿಸಲು ಈ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ರಾಮನ್ ಟೆಕ್ ಮೊಕದ್ದಮೆಯಲ್ಲಿ ಎಚ್ಚರಿಸಿದೆ. ಬಾಯಿಮಾತಿನಿಂದ ಮಾಡಿಸಿದ ಹೆಚ್ಚುವರಿ ಕೆಲಸಕ್ಕೂ, ಅದರ ಲಾಭವನ್ನು ಮಾಲೀಕನು ಅನುಭವಿಸಿದ್ದರೆ, ಕರಾರು ಅಧಿನಿಯಮದ 70ನೆಯ ಪ್ರಕರಣದಂತೆ ಪ್ರತಿಫಲ ಕೇಳಬಹುದು. ಕೆಲಸ ನಡೆದುದಕ್ಕೆ ಅಳತೆಯ ಪುಸ್ತಕ, ಸಹಿಯುಳ್ಳ ಚಲನ್, ದಿನಾಂಕವಿರುವ ಛಾಯಾಚಿತ್ರಗಳು ಸಾಕ್ಷ್ಯವಾಗುತ್ತವೆ.

ಕಾಲಪರಿಮಿತಿ ಅಧಿನಿಯಮ, 1963ರಂತೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಸಾಲದ ಗಡುವು ಇಲ್ಲದಿದ್ದರೆ ಸರಕು ಕೊಟ್ಟ ದಿನದಿಂದ, ಗಡುವಿದ್ದರೆ ಅದು ಮುಗಿದ ದಿನದಿಂದ, ಹಣಕ್ಕೆ ಕಾಲ ಗೊತ್ತುಪಡಿಸದ ಕೆಲಸಕ್ಕೆ ಅದನ್ನು ಮಾಡಿ ಮುಗಿಸಿದ ದಿನದಿಂದ ಇದರ ಎಣಿಕೆ. "ಬರುವ ತಿಂಗಳು ಕೊಡುತ್ತೇನೆ" ಎಂಬ ಬಾಯಿಮಾತಿನಿಂದ ಅವಧಿ ಹಿಗ್ಗುವುದಿಲ್ಲ. ಆದರೆ ಮೂರು ವರ್ಷದೊಳಗೆ ಬಾಕಿಯನ್ನು ಒಪ್ಪಿ ಸಾಲಗಾರನು ಬರೆದು ಸಹಿ ಮಾಡಿಕೊಟ್ಟರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ.