24 ಮೀಟರ್ ರಸ್ತೆಯ ಲೆಕ್ಕ

ಪ್ರಶ್ನೆ: ನಮ್ಮ ಬಡಾವಣೆಯ ರಸ್ತೆ ನಕ್ಷೆಯಲ್ಲಿ 24 ಮೀಟರ್ ಇದೆ. ಅಗಲ ಮಾಡಿದ ಮೇಲೆ ವಾಹನಗಳಿಗೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜಾಗ ಮಾತ್ರ ಎನ್ನುತ್ತಾರೆ. ವಾಹನಗಳು ಹೆಚ್ಚುತ್ತಿರುವಾಗ ಫುಟ್‌ಪಾತ್, ಸೈಕಲ್ ದಾರಿ ಎಂದು ಜಾಗ ಬಿಡುವುದೇಕೆ? ಇಡೀ ಅಗಲವನ್ನು ವಾಹನಗಳಿಗೇ ಕೊಟ್ಟರೆ ದಟ್ಟಣೆ ಇಳಿಯುವುದಿಲ್ಲವೇ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಕಲ್ಯಾಣ, ಥಾಣೆ, ನವಿ ಮುಂಬಯಿಯ ಓದುಗರಿಗೂ ಇದೇ ಸಂದೇಹ ಬಂದಿರಬಹುದು.

ಮೊದಲು ಆ 24 ಮೀಟರ್ ಎಂದರೇನು ಎಂದು ನೋಡೋಣ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ ಪ್ರಕಾರ ಪಾಲಿಕೆ ಅಭಿವೃದ್ಧಿ ಯೋಜನೆಯನ್ನು ರೂಪಿಸುತ್ತದೆ. ನಾವು ಆಡುಮಾತಿನಲ್ಲಿ ‘ಡಿಪಿ ರಸ್ತೆ’ ಎನ್ನುವುದು ಆ ನಕ್ಷೆಯಲ್ಲಿ ಗುರುತಾದ ರಸ್ತೆಯನ್ನು. ಅಲ್ಲಿ ಬರೆದಿರುವ ಅಗಲ ಈ ಬದಿಯ ಕಾಂಪೌಂಡಿನಿಂದ ಆ ಬದಿಯ ಕಾಂಪೌಂಡಿನವರೆಗಿನದು. ಡಾಂಬರು ಅಥವಾ ಕಾಂಕ್ರೀಟ್ ಅದರ ಒಂದು ಭಾಗ ಅಷ್ಟೆ. ಚರಂಡಿ, ನೀರಿನ ಕೊಳವೆ, ವಿದ್ಯುತ್ ಕೇಬಲ್, ದೀಪದ ಕಂಬ, ಮರ, ಬಸ್ ನಿಲ್ದಾಣ ಎಲ್ಲವೂ ಅದರೊಳಗೇ ಕೂಡಬೇಕು. ‘ನಮ್ಮ ರಸ್ತೆಯ ಹತ್ತು ಮೀಟರ್ ಎಲ್ಲಿ ಹೋಯಿತು’ ಎಂದು ಅನೇಕರು ಗೊಂದಲಗೊಳ್ಳುವುದು ಇಲ್ಲಿಯೇ. ಆ ಗೊಂದಲ ಸಹಜ.

ಈಗ ಹಂಚಿ ನೋಡಿ. ವಾಹನಗಳ ಒಂದು ಸಾಲಿಗೆ 3.5 ಮೀಟರ್ ಬೇಕು. ನಾಲ್ಕು ಸಾಲಿಗೆ 14. ನಡುವಿನ ಡಿವೈಡರಿಗೆ 1.2 ಎಂದು ಹಿಡಿದರೆ ಉಳಿಯುವುದು 8.8, ಅಂದರೆ ಬದಿಗೆ 4.4 ಮೀಟರ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಪಾದಚಾರಿ ಮಾರ್ಗಸೂಚಿಯಂತೆ ನಡೆಯಲು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಇರಬೇಕು. ಎರಡು ಮೀಟರ್ ಸೈಕಲ್ ದಾರಿ ಕೊಟ್ಟರೆ ಕಂಬ ಮತ್ತು ಮರಗಳಿಗೆ 60 ಸೆಂಟಿಮೀಟರ್ ಮಿಗುತ್ತದೆ. ಇದರಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲ. ಪಾರ್ಕಿಂಗ್ ಬೇಕೆಂದರೆ ಸೈಕಲ್ ದಾರಿಯನ್ನಾದರೂ ಬಿಡಬೇಕು, ಒಂದು ಸಾಲನ್ನಾದರೂ ಬಿಡಬೇಕು. ನಮ್ಮೂರುಗಳಲ್ಲಿ ಪಾರ್ಕಿಂಗ್ ಯಾರನ್ನೂ ಕೇಳದೆ ಫುಟ್‌ಪಾತನ್ನು ತಿನ್ನುತ್ತದೆ. ಆಗ ನಡೆಯುವವರು ಡಾಂಬರಿಗೆ ಇಳಿಯುತ್ತಾರೆ, ವಾಹನದ ಒಂದು ಸಾಲು ಹೇಗೂ ಹಾಳಾಗುತ್ತದೆ.

ಇಡೀ ಅಗಲವನ್ನು ವಾಹನಗಳಿಗೆ ಕೊಟ್ಟರೆ ಏನಾಗುತ್ತದೆ ಎಂಬುದು ನಿಮ್ಮ ಮುಖ್ಯ ಸಂದೇಹ. ರಸ್ತೆಯಲ್ಲಿ ಎಷ್ಟು ವಾಹನ ಸಾಗಬಲ್ಲವು ಎಂಬುದನ್ನು ನಿರ್ಧರಿಸುವುದು ಅದರ ಅತಿ ಇಕ್ಕಟ್ಟಾದ ಜಾಗ. ನಗರದಲ್ಲಿ ಅದು ಹೆಚ್ಚಾಗಿ ನಾಕಾ ಅಥವಾ ಸೇತುವೆ. ನಾಕಾದಲ್ಲಿ ಹಸಿರು ದೀಪ ಅರ್ಧ ಹೊತ್ತು ಮಾತ್ರ ಇದ್ದರೆ ರಸ್ತೆಯ ಶಕ್ತಿಯೂ ಅಲ್ಲಿ ಹೆಚ್ಚುಕಡಿಮೆ ಅರ್ಧ. ನಡುವಿನ ಭಾಗವನ್ನು ಎಷ್ಟು ಅಗಲಿಸಿದರೂ ಕಾಯುವ ವಾಹನಗಳು ಅಕ್ಕಪಕ್ಕ ನಿಲ್ಲುತ್ತವೆ, ಅಷ್ಟೆ. ಡೊಂಬಿವಲಿಯವರಾದ ನಿಮಗೆ ಇದು ಅನುಭವದಿಂದಲೇ ಗೊತ್ತು. ಹಳಿಯ ಮೇಲಿನ ಕೋಪರ್ ಸೇತುವೆ 2019ರ ಸೆಪ್ಟೆಂಬರಿನಿಂದ 2021ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ಆಗ ಯಾವ ರಸ್ತೆಯೂ ಕಿರಿದಾಗಿರಲಿಲ್ಲ. ಪೂರ್ವ-ಪಶ್ಚಿಮವನ್ನು ಬೆಸೆಯುವ ಒಂದು ದಾರಿ ಕಡಿದಿತ್ತು. ಕಲ್ಯಾಣದ ಪತ್ರಿ ಪುಲ್ ಕೆಡವಿದ 2018ರ ನವೆಂಬರಿನಿಂದ ಹೊಸದು ತೆರೆದ 2021ರ ಜನವರಿಯವರೆಗೆ ಅಲ್ಲಿನವರೂ ಇದನ್ನೇ ಉಂಡರು. ಇನ್ನೊಂದು ಮಾತು: ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ತೋರಿಸಿದಂತೆ, ಅಗಲವಾದ ರಸ್ತೆ ದಟ್ಟಣೆಯ ಹೊತ್ತಿನಲ್ಲಿ ಹೊಸ ವಾಹನಗಳನ್ನು ಸೆಳೆದುಕೊಳ್ಳುತ್ತದೆ. ರೈಲಿಗೆ ಹೋಗುತ್ತಿದ್ದವರು ಬೈಕ್ ತೆಗೆಯುತ್ತಾರೆ, ಬೇರೆ ದಾರಿ ಹಿಡಿಯುತ್ತಿದ್ದವರು ಇಲ್ಲಿಗೆ ಬರುತ್ತಾರೆ.

ಎಣಿಕೆಯಲ್ಲೂ ಒಂದು ತೊಡಕಿದೆ. 1990ರ ರಸ್ತೆ ಕಾಂಗ್ರೆಸ್ ಸಂಹಿತೆಯಲ್ಲಿ ಕಾರನ್ನು 1 ಎಂದಿಟ್ಟುಕೊಂಡು ಉಳಿದವನ್ನು ಅಳೆಯುತ್ತಾರೆ. ಸಂಚಾರದಲ್ಲಿ ಅವುಗಳ ಪಾಲು ಎಷ್ಟಿದೆ ಎಂಬುದರ ಮೇಲೆ ಬಸ್ಸು 2.2ರಿಂದ 3.7, ರಿಕ್ಷಾ 1.2ರಿಂದ 2, ಸೈಕಲ್ 0.4ರಿಂದ 0.5. ಈ ಪಟ್ಟಿ ಓದಿದವರಿಗೆ ಬಸ್ಸು ದೊಡ್ಡ ತೊಂದರೆಯಂತೆ ಕಾಣುತ್ತದೆ. ಆದರೆ ಐವತ್ತು ಜನರನ್ನು ಹೊತ್ತ ಬಸ್ಸು ಹಿಡಿಯುವುದು ಹೆಚ್ಚೆಂದರೆ ನಾಲ್ಕು ಕಾರುಗಳ ಜಾಗ. ಅದೇ ಜಾಗದಲ್ಲಿ ಕಾರಿನವರು ಏಳೆಂಟು ಮಂದಿ ಇರಬಹುದು. ನಡೆಯುವವರಿಗಂತೂ ಆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಡೊಂಬಿವಲಿಯ ಫಡ್ಕೆ ರಸ್ತೆಯಿಂದ ಸ್ಟೇಷನ್ನಿನತ್ತ ಸಾಗುವ ಜನಸಾಗರವನ್ನು ಎಣಿಸದೆ ಮಾಡಿದ ಯೋಜನೆ ಯಾರಿಗಾಗಿ? 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳ ಬದಲು ಜನರನ್ನು ಲೆಕ್ಕಕ್ಕಿಡಿ ಎಂದದ್ದು ಈ ಕಾರಣಕ್ಕೆ. ನನ್ನ ಅಭಿಪ್ರಾಯವೂ ಅದೇ: ಯಾವ ರಸ್ತೆಯಲ್ಲಿ ಯಾರು ಹೆಚ್ಚೋ ಅವರ ಪಾಲನ್ನು ಮೊದಲು ತೆಗೆದಿಡಬೇಕು.

ಥಾಣೆ ಪಶ್ಚಿಮದಲ್ಲಿ ಸ್ಟೇಷನ್ ಬಳಿಯ ‘ಸಾಟಿಸ್’ ಯೋಜನೆ ಇದಕ್ಕೆ ಹತ್ತಿರದ ಉದಾಹರಣೆ. ಬಸ್ಸುಗಳನ್ನು ಮೇಲಿನ ಡೆಕ್ಕಿಗೆ ಹತ್ತಿಸಿ ಅದನ್ನು ರೈಲ್ವೆ ಪಾದಚಾರಿ ಸೇತುವೆಗಳಿಗೆ ಜೋಡಿಸಿದರು. ರಿಕ್ಷಾ ಮತ್ತಿತರ ವಾಹನಗಳಿಗೆ ನೆಲ ಉಳಿಯಿತು. ಕೆಳಗೆ ನೂಕುನುಗ್ಗಲು ಈಗಲೂ ಇದೆ, ಆದರೂ ರೈಲಿಳಿದು ಬಸ್ಸಿಗೆ ಹೋಗುವವರು ವಾಹನಗಳ ನಡುವೆ ನುಸುಳಬೇಕಿಲ್ಲ.

ಅಗಲವೊಂದೇ ಸಾಕಾಗಿದ್ದರೆ ನವಿ ಮುಂಬಯಿಯಲ್ಲಿ ದೂರೇ ಇರಬಾರದಿತ್ತು. 1970ರಲ್ಲಿ ಸ್ಥಾಪನೆಯಾದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಅಲ್ಲಿ ಮೊದಲಿನಿಂದಲೇ ವಿಶಾಲ ರಸ್ತೆಗಳನ್ನು ಹಾಕಿತು. ಆದರೆ ಪಾಮ್ ಬೀಚ್ ರಸ್ತೆಯನ್ನು ದಾಟಬೇಕಾದ ಹಿರಿಯರನ್ನು ಕೇಳಿ ನೋಡಿ. ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಲೆಕ್ಕ ಹಿಡಿಯುತ್ತಾರೆ. ಹಾಗೆ ನೋಡಿದರೆ 14 ಮೀಟರ್ ದಾಟಲು ಸುಮಾರು 12 ಸೆಕೆಂಡು. ನೀವು ಹೇಳಿದಂತೆ ಪೂರ್ತಿ 24 ಮೀಟರ್ ವಾಹನಗಳಿಗೆ ಬಿಟ್ಟರೆ 20. ಮಂಡಿನೋವಿನವರಿಗೆ ಇನ್ನೂ ಹೆಚ್ಚು. ಆ ಹೊತ್ತನ್ನು ಸಿಗ್ನಲ್ ಕೊಡಬೇಕಾದ್ದರಿಂದ ವಾಹನಗಳ ಹಸಿರು ಅಷ್ಟು ಕಡಿಮೆಯಾಗುತ್ತದೆ.

ನಿಮ್ಮ ಬಡಾವಣೆಗೆ ಈ ವಿಚಾರ ಬೇಕೆನಿಸಿದರೆ ದಾರಿಯಿದೆ. ಕರಡು ಅಭಿವೃದ್ಧಿ ಯೋಜನೆ ಪ್ರಕಟವಾದಾಗ ನಿಗದಿತ ಅವಧಿಯೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪ, ಸಲಹೆ ಸಲ್ಲಿಸಬಹುದು. ಆದರೆ ಆ ಯೋಜನೆ ಅಗಲವನ್ನಷ್ಟೇ ಹೇಳುತ್ತದೆ. ಅದರೊಳಗಿನ ಹಂಚಿಕೆ ತೀರ್ಮಾನವಾಗುವುದು ಕಾಮಗಾರಿಯ ವಿನ್ಯಾಸದಲ್ಲಿ. ಹಾಗಾಗಿ ಟೆಂಡರಿಗೆ ಮೊದಲೇ ಪಾಲಿಕೆಯ ರಸ್ತೆ ವಿಭಾಗಕ್ಕೆ ಹೋಗಿ ‘ಅಡ್ಡಕೊಯ್ತದ ನಕ್ಷೆ ತೋರಿಸಿ’ ಎಂದು ಕೇಳಿ. ಮೇಲಿನಂತೆ ಮೀಟರುಗಳನ್ನು ಕೂಡಿ ನೋಡಿ; ಫುಟ್‌ಪಾತಿನ 1.8 ಮೀಟರಿನಲ್ಲಿ ಕಂಬ, ಮರ, ಟ್ರಾನ್ಸ್‌ಫಾರ್ಮರ್ ಸೇರಿಕೊಂಡಿದ್ದರೆ ಅದನ್ನು ಬರೆದು ತಿಳಿಸಿ.