ಎಪಿಸ್ಟ್ಯಾಕ್ಸಿಸ್: ಪದದ ಅರ್ಥ ಮತ್ತು ಮೂಲ

ಮೂಗಿನಿಂದ ರಕ್ತ ಸೋರುವುದಕ್ಕೆ ವೈದ್ಯಕೀಯ ಪರಿಭಾಷೆಯಲ್ಲಿ ‘ಎಪಿಸ್ಟ್ಯಾಕ್ಸಿಸ್’ ಎಂದು ಹೆಸರು. ಇದು ಗ್ರೀಕ್ ಮೂಲದ ಪದ: ‘ಎಪಿ’ ಎಂದರೆ ಮೇಲೆ, ‘ಸ್ಟಾಜೋ’ ಎಂದರೆ ತೊಟ್ಟಿಕ್ಕು. ಹನಿಹನಿಯಾಗಿ ಮೇಲೆ ತೊಟ್ಟಿಕ್ಕುವುದು ಎಂಬುದು ಇದರ ಮೂಲಾರ್ಥ.

ಮೂಗಿನ ನಡುಗೋಡೆಯ ಮುಂಭಾಗಕ್ಕೆ ‘ಲಿಟಲ್ ಪ್ರದೇಶ’ ಎನ್ನುತ್ತಾರೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಜಾಲಕ್ಕೆ ಜರ್ಮನ್ ವೈದ್ಯ ವಿಲ್ಹೆಲ್ಮ್ ಕೀಸೆಲ್‌ಬಾಖ್ ಅವರ ಹೆಸರಿದೆ. ಸುಮಾರು ಶೇ. 90ರಷ್ಟು ಪ್ರಕರಣಗಳಲ್ಲಿ ರಕ್ತ ಒಸರುವುದು ಮೂಗಿನ ಈ ಮುಂಭಾಗದಿಂದಲೇ. ಒಣಹವೆ, ನೆಗಡಿ, ಪೆಟ್ಟು, ಮೂಗಿನೊಳಗೆ ಉಗುರು ತಾಗುವುದು ಸಾಮಾನ್ಯ ಕಾರಣಗಳು.

ಪ್ರಥಮ ಚಿಕಿತ್ಸೆ: ನೆಟ್ಟಗೆ ಕುಳಿತು, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೃದುಭಾಗವನ್ನು 10–15 ನಿಮಿಷ ಒತ್ತಿಹಿಡಿದು, ಬಾಯಿಯಿಂದ ಉಸಿರಾಡಬೇಕು. ತಲೆಯನ್ನು ಹಿಂದಕ್ಕೆ ವಾಲಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ.