ಗೆರೆಯ ಹೊರಗೆ ನಿಂತು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಕಬಡ್ಡಿ ಆಟಗಾರನಲ್ಲ. ಕಾಲೇಜಿನಲ್ಲಿದ್ದಾಗ ಏಳನೆಯವನು ಜ್ವರ ಬಂದು ಮಲಗಿದ್ದರಿಂದ ಒಮ್ಮೆ ನನ್ನನ್ನು ಅಂಕಣಕ್ಕೆ ಇಳಿಸಿದ್ದರು. ಮೊದಲ ರೈಡಿನಲ್ಲೇ ಔಟಾದೆ. ಮತ್ತೆ ಒಳಗೆ ಹೋಗುವ ಪಾಳಿ ಬರುವಷ್ಟರಲ್ಲಿ ಪಂದ್ಯವೇ ಮುಗಿದಿತ್ತು. ಈಗ ರೋಣದಲ್ಲಿ ಮೊಳೆ, ಪೈಪು, ಬಣ್ಣ, ಸಿಮೆಂಟು ಮಾರುವ ಅಂಗಡಿ ನನ್ನದು. ಆದರೂ ಹದಿನೈದು ವರ್ಷದಿಂದ ನಮ್ಮ ಕಾಲೇಜಿನ ತಂಡ ಎಲ್ಲಿ ಆಡುತ್ತದೋ ಅಲ್ಲಿಗೆ ಹೋಗುವ ಚಟ ಬಿಟ್ಟಿಲ್ಲ.

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ನರಗುಂದ, ಗಜೇಂದ್ರಗಡ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಮೊದಲ ರಾತ್ರಿ ಮೊದಲ ಸುತ್ತು, ಎರಡನೆಯ ರಾತ್ರಿ ಕ್ವಾರ್ಟರ್, ಮೂರನೆಯ ರಾತ್ರಿ ಸೆಮಿ ಮತ್ತು ಫೈನಲ್. ಹೀಗೆ ಮೂರು ರಾತ್ರಿ ನಿದ್ದೆಗೆಟ್ಟು, ನಾಲ್ಕನೆಯ ಬೆಳಿಗ್ಗೆ ಅರ್ಧ ಇಂಚಿನ ಪೈಪು ಕೇಳಿದವರಿಗೆ ಮುಕ್ಕಾಲು ಇಂಚಿನದು ಕೊಟ್ಟು ಬೈಸಿಕೊಂಡಿದ್ದೇನೆ. ನಮ್ಮ ಹುಡುಗರ ಹಿಂದೆ ಈಗಷ್ಟೇ ಓಡಾಡಲು ಶುರು ಮಾಡಿರುವ ತಮ್ಮಂದಿರು ನಾನು ಬಿದ್ದ ತಗ್ಗಿಗೇ ಬೀಳದಿರಲಿ ಎಂದು ಇಷ್ಟು ಬರೆದಿದ್ದೇನೆ. ಬೇರೆ ತಗ್ಗು ಅವರೇ ಹುಡುಕಿಕೊಳ್ಳುತ್ತಾರೆ.

1. ಪೋಸ್ಟರಿನ ಮೇಲಿನ ಹೊತ್ತನ್ನು ನಂಬಬೇಡಿ

ಮೊದಲ ಸಲ ನರಗುಂದಕ್ಕೆ ಹೋದಾಗ ಪೋಸ್ಟರಿನಲ್ಲಿ ‘ಸಂಜೆ 7ಕ್ಕೆ ಸರಿಯಾಗಿ’ ಎಂದಿತ್ತು. ಇಪ್ಪತ್ತೆರಡು ಜನ ಆರೂವರೆಗೇ ಹೋಗಿ ಕೂತೆವು. ಏಳಕ್ಕೆ ಅಂಕಣಕ್ಕೆ ನೀರು ಹೊಡೆಯುತ್ತಿದ್ದರು. ಎಂಟೂವರೆಗೆ ಉದ್ಘಾಟನೆ. ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಾರ. ಶಾಲು ಹೊದ್ದವರಿಗೆಲ್ಲ ಭಾಷಣ. ಜನರೇಟರ್ ಎರಡು ಸಲ ನಿಂತಿತು. ನಮ್ಮ ಹುಡುಗರು ಅಂಕಣಕ್ಕಿಳಿದಾಗ ರಾತ್ರಿ ಒಂದೂಕಾಲು. ಕಡೇ ಬಸ್ಸು ಹಿಡಿದವರು ಹೋಗಿ ಉಳಿದದ್ದು ಒಂಬತ್ತು ಜನ. ಅದರಲ್ಲಿ ನಾಲ್ವರು ನಿದ್ದೆಯಲ್ಲಿದ್ದರು.

ಲೆಕ್ಕ ಸರಳವಾದದ್ದೇ. ಇಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು. ಟೈಮ್ ಔಟ್, ಗಾಯ, ವಾದ ಸೇರಿದರೆ ಪಂದ್ಯಕ್ಕೆ ಒಂದು ತಾಸು. ಅಂಕಣ ಒಂದೇ, ತಂಡ ಹದಿನಾರು. ಅಂದರೆ ಮೊದಲ ಸುತ್ತಿಗೇ ಎಂಟು ತಾಸು. ಸಿಮೆಂಟು ಚೀಲದ ಲೆಕ್ಕ ಬಾಯಲ್ಲೇ ಮಾಡುವ ನನಗೆ ಇದು ಹೊಳೆಯಲು ಮೂರು ವರ್ಷ ಹಿಡಿಯಿತು. ಈಗ ಚೀಟಿ ಎತ್ತಿದ ಕೂಡಲೇ ನಮ್ಮದು ಎಷ್ಟನೆಯ ಪಂದ್ಯ ಎಂದು ಫೋನಿನಲ್ಲಿ ಕೇಳಿಕೊಳ್ಳುತ್ತೇವೆ. ಆ ಲೆಕ್ಕಕ್ಕೆ ಶಾಲುಗಳ ಸಲುವಾಗಿ ಒಂದೂವರೆ ತಾಸು ಸೇರಿಸಿ, ಊಟ ಮಾಡಿ ಹೊರಡುತ್ತೇವೆ.

ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ನನ್ನ ಅಕ್ಕನ ಮಗ ಈ ಗೋಳು ಕೇಳಿ ನಕ್ಕಿದ್ದ. ಅಲ್ಲಿ ಕಾಲೇಜು ಬೇಸ್‌ಬಾಲಿಗೆ ಇಂಥದೇ ಹುಚ್ಚಂತೆ. 2009ರ ಮೇ 30ರ ಸಂಜೆ ಅದೇ ಊರಿನಲ್ಲಿ ಟೆಕ್ಸಾಸ್ ಮತ್ತು ಬಾಸ್ಟನ್ ಕಾಲೇಜು ತಂಡಗಳ ನಡುವೆ ಶುರುವಾದ ಪ್ಲೇಆಫ್ ಪಂದ್ಯ ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಿತ್ತು. 25ನೆಯ ಇನಿಂಗ್ಸಿನವರೆಗೆ ಹೋಯಿತು. ಏಳು ತಾಸು ಮೂರು ನಿಮಿಷ ಆಡಿ, ನಡುರಾತ್ರಿ ದಾಟಿದ ಮೇಲೆ ಟೆಕ್ಸಾಸ್ 3-2ರಿಂದ ಗೆದ್ದಿತು. ಆ ಆಟಕ್ಕೆ ಗಡಿಯಾರದ ಹಂಗಿಲ್ಲ. ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೋ ಹೇಳಲಾಗದು. ನಮ್ಮದು ಶುರುವಾದರೆ ಮುಗಿಯುವ ಹೊತ್ತು ಗೊತ್ತು, ಶುರುವಾಗುವುದೇ ದೇವರ ಕೈಯಲ್ಲಿ. ಕೂತವನ ಸೊಂಟನೋವು ಮಾತ್ರ ಎರಡೂ ಕಡೆ ಒಂದೇ ಎಂದು ಅವನಿಗೆ ಹೇಳಿದೆ.

2. ಹೊಳ್ಳಿ ಬರುವ ಗಾಡಿಯನ್ನು ಮೊದಲು ಗೊತ್ತು ಮಾಡಿ

ಆ ರಾತ್ರಿ ಒಂಬತ್ತೂ ಜನ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಚುನಮರಿ ಚೀಲಗಳ ಹಾಗೆ ಒಬ್ಬರಿಗೊಬ್ಬರು ಒರಗಿ ಮಲಗಿದೆವು. ಮುಂದಿನ ವರ್ಷ ಜಾಣರಾಗಿ ಕ್ರೂಸರ್ ಮಾಡಿಕೊಂಡು ಹೋದೆವು. ಆದರೆ ಡ್ರೈವರನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ಸಿಳ್ಳು ಹೊಡೆಸಿ, ಮೂರು ಗಂಟೆಯವರೆಗೆ ಎಚ್ಚರ ಇರಿಸಿದೆವು. ವಾಪಸ್ ಬರುವಾಗ ಗಾಡಿ ರಸ್ತೆ ಬಿಟ್ಟು ಕಡಲೆ ಹೊಲಕ್ಕೆ ಇಳಿಯಿತು. ಎರಿ ಹೊಲ ಮೆತ್ತಗಿದ್ದದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಡ್ರೈವರನಿಗೆ ಊಟ ಹಾಕಿಸಿ ಗಾಡಿಯಲ್ಲೇ ಮಲಗಿಸುತ್ತೇವೆ. ಸ್ಕೋರು ಕೇಳಲು ಎದ್ದು ಬಂದರೆ ಬೈದು ಕಳಿಸುತ್ತೇವೆ.

3. ಗಜೇಂದ್ರಗಡಕ್ಕೆ ಹೋಗುವಾಗ ಕೌದಿ ಮರೆಯಬೇಡಿ

ಅಲ್ಲಿ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜನವರಿಯ ಒಂದು ರಾತ್ರಿ ಅರ್ಧ ತೋಳಿನ ಅಂಗಿಯಲ್ಲಿ ಹೋಗಿ ಸೆಮಿಫೈನಲ್ಲಿಗೆ ಕಾಯುತ್ತ ಕೂತಿದ್ದೆವು. ಹನ್ನೆರಡರ ಹೊತ್ತಿಗೆ ಹಲ್ಲು ಕಟಕಟ. ಪಕ್ಕದಲ್ಲಿ ಕೂತಿದ್ದ ಆ ಊರಿನ ಮುದುಕರೊಬ್ಬರು, ಜೀವನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು, ತಮ್ಮ ಕೌದಿಯ ಒಂದು ಚುಂಗು ನನ್ನ ಕಡೆ ಎಸೆದು ಕೇಳಿದರು: “ಯಾಕ್ರಿ ರೋಣದವರ, ಥಂಡಿ ಆಗೈತೇನು? ಬರ್ರಿ ಈ ಕಡೆ.” ಕಾಗದದಲ್ಲಿ ಕಟ್ಟಿದ್ದ ಮಿರ್ಚಿಯನ್ನೂ ಮುರಿದು ಕೊಟ್ಟರು. ಎದುರು ತಂಡದ ಕಾರ್ನರಿನಲ್ಲಿ ಆಡುವವನು ತಮ್ಮ ಮೊಮ್ಮಗ ಎಂದು ಆಮೇಲೆ ಹೇಳಿದರು. ಅವರ ಮಿರ್ಚಿ ತಿಂದಿದ್ದೆ, ಕೌದಿ ಹೊದ್ದಿದ್ದೆ. ಇನ್ನು ಮೊಮ್ಮಗನಿಗೆ ಕೂಗಿ ಬೈಯುವುದು ಹೇಗೆ? ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ.

4. ಹೊರಗಿನಿಂದ ಆಟ ಹೇಳಿಕೊಡಬೇಡಿ

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಕಡೆ ಪ್ರತಿ ಚಹಾದಂಗಡಿಯಲ್ಲೂ ಪಂಡಿತರು ಹುಟ್ಟಿದರು. ನಾನೂ ಒಬ್ಬ. 2019ರ ಜನವರಿಯ ಫೈನಲ್ಲಿನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು ಬೆಂಗಳೂರು ಬುಲ್ಸನ್ನು ಗೆಲ್ಲಿಸಿದ್ದನ್ನು ನೋಡಿದ ಮೇಲಂತೂ ನಮ್ಮ ಹುಡುಗರಿಗೆ ಪಾಠ ಮಾಡುವ ಹಕ್ಕು ಬಂತೆಂದು ತಿಳಿದೆ.

ಆ ಸೆಮಿಫೈನಲ್ಲಿನ ಕಡೆಯ ನಿಮಿಷ. 21-22, ನಾವು ಒಂದು ಅಂಕ ಹಿಂದೆ. ನಮ್ಮ ಎಡಗಡೆಯ ರೈಡರ್ ಒಳಗೆ ಹೋದ. ಕಡಿಮೆ ಮಾತಿನ ಹುಡುಗ, ಕಣ್ಣಲ್ಲೇ ಅಳೆಯುವವನು. ಎದುರಿನ ಕವರ್ ಆಟಗಾರನ ಕಾಲು ಮುಂದೆ ಬಂದಿತ್ತು. ಇವನ ಕೈ ಇಳಿಯುತ್ತಿತ್ತು. ಆಗ ಕೌದಿ ಒದ್ದು ಎದ್ದು ನಿಂತು, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದೆ: “ಬೋನಸ್! ಬೋನಸ್ ತಗೋಳೋ!” ಹದಿನೈದು ವರ್ಷದಲ್ಲಿ ನನ್ನ ದನಿ ಒಳಗಿದ್ದವರಿಗೆ ಸ್ಪಷ್ಟವಾಗಿ ಕೇಳಿದ್ದು ಆ ಒಂದೇ ಸಲ ಇರಬೇಕು. ಹುಡುಗನ ಕೈ ಅರೆಗಳಿಗೆ ತಡೆಯಿತು, ಕಾಲು ಬೋನಸ್ ಗೆರೆಯ ಕಡೆ ಚಾಚಿತು. ಕಾರ್ನರಿನಲ್ಲಿದ್ದ ಮೊಮ್ಮಗ ಕಣಕಾಲು ಹಿಡಿದು ಕೆಡವಿದ. 21-23.

ಬೋನಸ್ ಅಂಕ ಸಿಗಬೇಕಾದರೆ ಎದುರು ಕನಿಷ್ಠ ಆರು ಮಂದಿ ಇರಬೇಕು. ಅಂಕಣದಲ್ಲಿದ್ದದ್ದು ಐದು. ಕಾಲು ದಾಟಿಸಿ ಬಂದಿದ್ದರೂ ಅವನಿಗೆ ಸಿಗುತ್ತಿದ್ದದ್ದು ಸೊನ್ನೆ. ಟಿವಿಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಪರದೆಯ ಮೇಲೆ ತೋರಿಸುತ್ತಾರೆ, ಮೈದಾನದಲ್ಲಿ ನಾವೇ ಎಣಿಸಬೇಕು. ನಾನು ಎಣಿಸಿರಲಿಲ್ಲ.

ಮುದುಕರು ಕುಣಿದಾಡಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: “ಅಂವ ಮುಟ್ಟಿ ಬರ್ತಿದ್ದ ನೋಡ್ರಿ. ನೀವ ಹಿಡದು ಕೊಟ್ರಿ.” ಕ್ರೂಸರಿನಲ್ಲಿ ಯಾರೂ ಮಾತಾಡಲಿಲ್ಲ. ರೋಣದ ದೀಪ ಕಂಡ ಮೇಲೆ ಆ ಹುಡುಗ, ನನಗೆ ನೋವಾಗಬಾರದೆಂಬ ದನಿಯಲ್ಲಿ, “ಐದು ಮಂದಿ ಇದ್ರಣ್ಣಾ” ಅಂದ. ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

5. ಹಲಗಿಯ ಸದ್ದು ರೈಡ್ ಮುಗಿದ ಮೇಲೆ

ಬಾಯಿ ಮುಚ್ಚಿಕೊಂಡಿರಬೇಕೆಂದು ತೀರ್ಮಾನಿಸಿದ ಮೇಲೆ ಕೈಗೆ ಕೆಲಸ ಬೇಕಲ್ಲ, ಹಲಗಿ ತಂದೆವು. ಭೀಮಸೇನ ಜೋಶಿಯವರ ಮನೆತನದ ಊರಿನವರು ನಾವು, ತಾಳ ತಪ್ಪಬಾರದೆಂದು ಬಾರಿಸಲು ಬಲ್ಲವರನ್ನೇ ಕರೆದೊಯ್ದೆವು. ನರಗುಂದದ ಮೈದಾನ. ಅಲ್ಲಿಯವರಿಗೆ ದನಿ ಎತ್ತುವುದನ್ನು ಯಾರೂ ಕಲಿಸಬೇಕಿಲ್ಲ, 1980ರ ರೈತ ಬಂಡಾಯದ ಊರು ಅದು. ಅವರ ಗದ್ದಲವನ್ನು ಮುಳುಗಿಸುವುದೇ ನಮ್ಮ ಗುರಿಯಾಯಿತು. ಮುಳುಗಿಸಿದೆವು ಕೂಡ.

ರೈಡರ್ ‘ಕಬಡ್ಡಿ ಕಬಡ್ಡಿ’ ಎನ್ನುವುದನ್ನು ಬಿಟ್ಟರೆ ಔಟು. ಅದನ್ನು ಕಿವಿಗೊಟ್ಟು ಕೇಳಿ ತೀರ್ಪು ಕೊಡುವವರು ಅಂಪೈರ್. ಎದುರು ತಂಡದ ರೈಡರನ ಉಸಿರು ನಡುವೆ ಕಡಿಯಿತೆಂದು ನಮ್ಮ ಏಳೂ ಹುಡುಗರು ಕೈ ಎತ್ತಿದರು. ಅಂಪೈರ್ ನಮ್ಮ ಹಲಗಿಯ ಕಡೆ ಬೆರಳು ತೋರಿಸಿ, ತಮ್ಮ ಕಿವಿ ಮುಟ್ಟಿಕೊಂಡು, ತಲೆ ಅಲ್ಲಾಡಿಸಿದರು. ಆ ರೈಡಿನಲ್ಲಿ ಹೋದದ್ದು ಎರಡು ಅಂಕ, ಸೋತದ್ದು ಒಂದರಿಂದ. ಈಗ ರೈಡರ್ ನಡುಗೆರೆ ದಾಟಿ ಹೊಳ್ಳಿದ ಮೇಲೆಯೇ ಹಲಗಿಗೆ ಕೋಲು. ಮೂವತ್ತು ಸೆಕೆಂಡು ಕೈ ಕಟ್ಟಿ ನಿಲ್ಲುವುದು ಬಾರಿಸುವವನಿಗೆ ಎಂಥ ಶಿಕ್ಷೆ ಎಂಬುದನ್ನು ಅವನನ್ನೇ ಕೇಳಬೇಕು.

6. ಹೋಳಿಗೆ ತೂಕವಾದ ಮೇಲೆ

65 ಕೆಜಿ ಒಳಗಿನವರ ಪಂದ್ಯಾವಳಿ. ನಮ್ಮ ಒಬ್ಬ ಡಿಫೆಂಡರ್ ಹದಿನೈದು ದಿನ ಅನ್ನ ಬಿಟ್ಟು ಸರಿಯಾಗಿ ಗಡಿಯ ಮೇಲೆ ಬಂದು ನಿಂತಿದ್ದ. ನಾನು ಅಭಿಮಾನ ಉಕ್ಕಿ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದೆ: ಹೋಳಿಗೆ, ತುಪ್ಪ, ಮೇಲೊಂದು ತಂಬಿಗೆ ಹಾಲು. ಹಿರಿಯರು ಕೊಟ್ಟದ್ದನ್ನು ಬೇಡ ಅನ್ನಲಾರದೆ ಹುಡುಗ ತಿಂದ. ಶೇಂಗಾ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರೆ ಅರ್ಧ ಕೆಜಿ ಹೆಚ್ಚು. ಆಮೇಲೆ ನನ್ನದೇ ಕೌದಿ ಸುತ್ತಿಕೊಂಡು ಬೆವರು ಹರಿಯುವಂತೆ ಮೈದಾನ ಸುತ್ತಿದ. ತೂಕಕ್ಕೇನೋ ಬಂದ. ಎರಡನೆಯ ಅವಧಿಯಲ್ಲಿ ಮೀನಖಂಡ ಹಿಡಿದು ಕೂತುಬಿಟ್ಟ. ಮನೆಯಲ್ಲಿ ಹೇಳಿದರೆ ಹೆಂಡತಿ, “ಮಾಡಿದಾಕಿ ನಾನು, ತಿನ್ನಿಸಿದಾವ್ರು ನೀವು” ಅಂದು ಪಾಲು ಹಂಚಿದಳು.

7. ಮಣ್ಣೋ ಮ್ಯಾಟೋ ಎಂದು ಕೇಳಿಕೊಳ್ಳಿ

ನಮ್ಮ ಎರಿ ಮಣ್ಣು ಒಣಗಿದರೆ ಬಿರುಕು, ತೊಯ್ದರೆ ಕೆಸರು. ಅದಕ್ಕೇ ಅಂಕಣಕ್ಕೆ ಮಸಾರಿ ಮಣ್ಣು ಜರಡಿ ಹಿಡಿದು ಹಾಕುತ್ತಾರೆ. ಅಂಥದರಲ್ಲಿ ಬರಿಗಾಲಲ್ಲಿ ಬೆಳೆದ ಹುಡುಗರು ಮ್ಯಾಟಿನ ಮೇಲೆ ಆಡಬೇಕಾಗಿ ಬಂದಾಗ ನಾನೇ ಮುಂದೆ ನಿಂತು ಪಟ್ಟಿ ಎತ್ತಿ ಬೂಟು ತಂದೆ. ದಪ್ಪ ಅಟ್ಟೆಯ, ಓಡುವ ಬೂಟು. ಕಬಡ್ಡಿಗೆ ಬೇಕಾದದ್ದು ತೆಳು ರಬ್ಬರಿನ, ನೆಲ ಕಚ್ಚುವಂಥದು. ಮೊದಲ ಪಂದ್ಯದಲ್ಲೇ ಇಬ್ಬರ ಪಾದ ಹೊರಳಿತು. ನಡುರಾತ್ರಿಯ ಮೇಲೆ ಮ್ಯಾಟಿನ ಮೇಲೆ ಇಬ್ಬನಿ ಕೂತು ಜಾರತೊಡಗಿತು. ನಾನು ಟವೆಲ್ಲು ಹಿಡಿದು ಒರೆಸಿದೆ. ನನ್ನಿಂದ ತಂಡಕ್ಕೆ ಆದ ನಿಜವಾದ ಉಪಕಾರ ಅದೊಂದೇ ಎಂದು ನಮ್ಮ ದೈಹಿಕ ಶಿಕ್ಷಣದ ಮಾಸ್ತರರು ಈಗಲೂ ಹೇಳುತ್ತಾರೆ.

8. ನಮ್ಮ ಕಾಲೇಜಿಗೆ ಎರಡು ತಂಡಗಳಿವೆ

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಹನ್ನೆರಡು ವರ್ಷ ‘ನಮ್ಮ ತಂಡ, ನಮ್ಮ ತಂಡ’ ಎಂದು ಕೂಗಿದ ನನಗೆ ಕಾಲೇಜಿನಲ್ಲಿ ಹುಡುಗಿಯರದೂ ಒಂದು ತಂಡ ಇದೆ ಎಂಬುದೇ ತಲೆಯಲ್ಲಿರಲಿಲ್ಲ. 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳಾ ಕಬಡ್ಡಿ ಮೊದಲ ಸಲ ಸೇರಿದಾಗ ಚಿನ್ನ ತಂದವರಲ್ಲಿ ನಮ್ಮ ರಾಜ್ಯದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು, ಇಬ್ಬರಿಗೂ ಮುಂದೆ ಅರ್ಜುನ ಪ್ರಶಸ್ತಿ ಬಂತು ಎಂದು ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಹೇಳುತ್ತಿದ್ದವನು ನಾನೇ. ನಮ್ಮೂರ ಹುಡುಗಿಯರ ಪಂದ್ಯ ಮಟಮಟ ಮಧ್ಯಾಹ್ನ, ಖಾಲಿ ಮೈದಾನದಲ್ಲಿ. ನಮಗೆ ಆಗ ನಿದ್ದೆ, ರಾತ್ರಿ ಎಚ್ಚರ ಇರಬೇಕಲ್ಲ.

ಒಮ್ಮೆ ಪಂದ್ಯದ ಹೊತ್ತು ತಪ್ಪು ತಿಳಿದು ಗಜೇಂದ್ರಗಡಕ್ಕೆ ಮಧ್ಯಾಹ್ನ ಎರಡಕ್ಕೇ ಹೋಗಿಬಿಟ್ಟೆವು. ಅಂಕಣದಲ್ಲಿ ನಮ್ಮ ಕಾಲೇಜಿನ ಬನಿಯನ್ ತೊಟ್ಟ ಹುಡುಗಿಯರು. ಸುತ್ತ ಅವರ ಮಾಸ್ತರು, ಇಬ್ಬರು ತಾಯಂದಿರು, ಒಂದು ನಾಯಿ. ನಾವು ಹನ್ನೊಂದು ಜನ ಕ್ರೂಸರಿನಿಂದ ಇಳಿದದ್ದು ನೋಡಿ, ಔಟಾಗಿ ಹೊರಗೆ ಕೂತಿದ್ದ ಕ್ಯಾಪ್ಟನ್ ಹುಡುಗಿ ಎದ್ದು ನಿಂತಳು.

“ಅಣ್ಣಾರ, ಹಲಗಿ ತಂದೀರೇನ್ರಿ?”

ಹಲಗಿಯವನು ಸಂಜೆ ಬಸ್ಸಿಗೆ ಬರುವವನಿದ್ದ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಮ್ಮವನೊಬ್ಬ ಹೋಗಿ ಕ್ರೂಸರಿನ ಹಿಂಬಾಗಿಲು ತೆಗೆದು, ಅಂಗೈಯಿಂದ ಬಡಿಯತೊಡಗಿದ. ಒಳಗೆ ಮಲಗಿದ್ದ ಡ್ರೈವರ್ ಬೆಚ್ಚಿ ಎದ್ದ. ಅಂಕಣದಲ್ಲಿ ನಮ್ಮ ರೈಡರ್ ಆಗಷ್ಟೇ ನಡುಗೆರೆ ದಾಟಿ ಹೊಳ್ಳಿದ್ದಳು.